ಎಂಟು ಚಾನೆಲ್ ಆಡಿಯೋ ಮಿಕ್ಸರ್‌ಗೆ ಯಾವ ಐಸಿ, ಯಾವ ರೆಸಿಸ್ಟರ್? (ಪ್ರಶ್ನೋತ್ತರ)

ಸಾಗರದಿಂದ: ಸರ್, ಭಜನಾ ಮಂಡಳಿಗೆ ಎಂಟು ಚಾನೆಲ್ ಮಿಕ್ಸರ್ ಕಟ್ಟಿದ್ದೇವೆ. ಐಸಿ ಎನ್‌ಇ5532 (ಸಿಗ್ನಲ್ ಹಿಗ್ಗಿಸುವ ಆಪ್-ಆಂಪ್), ಪ್ರತಿ ಚಾನೆಲ್‌ಗೆ 100ಕೆ (ಕಿಲೋಓಮ್) ರೆಸಿಸ್ಟರ್, ಫೀಡ್‌ಬ್ಯಾಕ್ (ಐಸಿಯ ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಹಿಂತಿರುಗುವ) ರೆಸಿಸ್ಟರ್ 100ಕೆ, ಸಪ್ಲೈ ±12 ವೋಲ್ಟ್. ಪಾಟ್‌ಗಳಿಂದ (ವಾಲ್ಯೂಮ್ ತಿರುಗಣಿಗಳಿಂದ) ಐಸಿವರೆಗೆ ಸುಮಾರು ಒಂದೂವರೆ ಮೀಟರ್ ಶೀಲ್ಡ್ ವೈರ್. ವಾಲ್ಯೂಮ್ ಎಲ್ಲ ಸೊನ್ನೆಗಿಟ್ಟರೂ ಸುಯ್ ಎನ್ನುತ್ತದೆ, ಕೈ ಹತ್ತಿರ ತಂದರೆ ಸದ್ದು ಬದಲಾಗುತ್ತದೆ. ಮಾಸ್ಟರ್ ತಿರುಗಿಸಿದರೆ ಕರಕರ. ಐಸಿ ಮುಟ್ಟಲಾಗದಷ್ಟು ಬಿಸಿ.

ಎಂಜಿನಿಯರ್: ಕೈ ತಂದಾಗ ಸದ್ದು ಬದಲಾಗುವುದು, ಐಸಿ ಬಿಸಿಯಾಗುವುದು, ಎರಡೂ ಒಟ್ಟಿಗೆ ಇದ್ದರೆ ಐಸಿ ಕಿವಿಗೆ ಕೇಳದ ಫ್ರೀಕ್ವೆನ್ಸಿಯಲ್ಲಿ ಆಸಿಲೇಟ್ ಆಗುತ್ತಿದೆ (ತಾನಾಗಿಯೇ ಸಿಗ್ನಲ್ ಹುಟ್ಟಿಸುತ್ತಿದೆ) ಅಂತ ಅನುಮಾನ. ಎಂಟು 100ಕೆ ಮತ್ತು ಫೀಡ್‌ಬ್ಯಾಕಿನ 100ಕೆ ಪ್ಯಾರಲೆಲ್ ಆಗಿ ಐಸಿಯ ಮೈನಸ್ ಇನ್‌ಪುಟ್ ಪಿನ್‌ಗೆ (2ನೇ ಪಿನ್) ಕಾಣುವುದು 11ಕೆ. ಅಷ್ಟುದ್ದದ ಶೀಲ್ಡ್ ವೈರಿಗೆ 150 ಪಿಕೋಫ್ಯಾರಡ್ ಹಿಡಿಯಿರಿ. ಇವೆರಡೂ ಸೇರಿದರೆ 96 ಕಿಲೋಹರ್ಟ್ಜ್‌ನಿಂದಲೇ ಫೇಸ್ ಹಿಂದೆ ಬೀಳುತ್ತದೆ, ಅಂದರೆ ಫೀಡ್‌ಬ್ಯಾಕ್ ತಡವಾಗಿ ಬರುತ್ತದೆ. ಐಸಿಗೆ ಇನ್ನೂ ಗೇನ್ (ಹಿಗ್ಗಿಸುವ ಶಕ್ತಿ) ಉಳಿದಿರುವ ಜಾಗ ಅದು, ಅಲ್ಲೇ ಕೆಡುವುದು.

ಸುಯ್ ಸದ್ದಿಗೆ ಕಾರಣ ಬೇರೆ. ಪಾಟ್ ಸೊನ್ನೆಗಿಟ್ಟರೆ ಆ 100ಕೆ ಗ್ರೌಂಡಿಗೆ ಹೋಗುತ್ತದೆ ಅಷ್ಟೇ, ಸರ್ಕ್ಯೂಟಿನಿಂದ ಹೊರಗೆ ಹೋಗುವುದಿಲ್ಲ. ಎಂಟು ಚಾನೆಲ್ ಅಂದರೆ ಐಸಿಯ ಸ್ವಂತ ನಾಯ್ಸ್ ಎಂಟಕ್ಕೆ ಒಂದು ಸೇರಿ 9 ಪಟ್ಟು, 19 ಡೆಸಿಬೆಲ್. ಅದರ ಮೇಲೆ ರೆಸಿಸ್ಟರ್‌ಗಳದೇ ಸುಮಾರು 13.6 ನ್ಯಾನೋವೋಲ್ಟ್ (ಪ್ರತಿ ರೂಟ್ ಹರ್ಟ್ಜ್‌ಗೆ), 5532ದು ಬರೀ 5. ಐಸಿ ಬದಲಿಸಿ ಪ್ರಯೋಜನವಿಲ್ಲ. ಒಂಬತ್ತೂ ರೆಸಿಸ್ಟರ್ 10ಕೆ ಮಾಡಿ, 1% ಮೆಟಲ್ ಫಿಲ್ಮ್. ಆಗ ರೆಸಿಸ್ಟರ್ ನಾಯ್ಸ್ 4.3ಕ್ಕೆ ಇಳಿಯುತ್ತದೆ.

ಮಾಡಬೇಕಾದ್ದು: 10ಕೆಗಳನ್ನು ಪಾಟ್ ಹತ್ತಿರ ಬೆಸುಗೆ ಹಾಕಬೇಡಿ, ಐಸಿಯ 2ನೇ ಪಿನ್‌ಗೆ ಅಂಟಿಕೊಂಡಂತೆ ಹಾಕಿ. ವೈರಿನ ಉದ್ದವೆಲ್ಲ ಪಾಟ್ ಕಡೆ ಇರಲಿ. ಫೀಡ್‌ಬ್ಯಾಕ್ 10ಕೆ ಮೇಲೆ 100 ಪಿಕೋಫ್ಯಾರಡ್ ಕೆಪಾಸಿಟರ್, ಸಿ0ಜಿ ಜಾತಿಯ ಸೆರಾಮಿಕ್. ಔಟ್‌ಪುಟ್‌ನಲ್ಲಿ 100 ಓಮ್ ಸೀರೀಸ್. 8 ಮತ್ತು 4ನೇ (ಸಪ್ಲೈ) ಪಿನ್‌ಗಳಿಂದ ಗ್ರೌಂಡಿಗೆ ತಲಾ 100 ನ್ಯಾನೋಫ್ಯಾರಡ್ ಕೆಪಾಸಿಟರ್, ಕಾಲು ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು.

ಕರಕರಕ್ಕೆ ಕಾರಣ ಡಿಸಿ. 5532ರ ಬಯಾಸ್ ಕರೆಂಟ್ (ಇನ್‌ಪುಟ್ ಪಿನ್‌ನಲ್ಲಿ ಸದಾ ಹರಿಯುವ ಸಣ್ಣ ಕರೆಂಟ್) 200 ನ್ಯಾನೋಆಂಪಿಯರ್, 100ಕೆ ಮೂಲಕ ಹೋದರೆ 20 ಮಿಲಿವೋಲ್ಟ್. ಅದು ಮಾಸ್ಟರ್ ಪಾಟ್‌ಗೆ ನೇರ ಬರುತ್ತಿದೆ. 10ಕೆಯಲ್ಲಿ 2 ಮಿಲಿವೋಲ್ಟ್ ಆಗುತ್ತದೆ. ಮಾಸ್ಟರ್‌ಗೂ ಮುಂಚೆ 22 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ, ಅದೂ ಹೋಗುತ್ತದೆ.

ದಾವಣಗೆರೆಯಿಂದ: 5532 ಬದಲು 741 ಐಸಿ ನಡೆಯುತ್ತದಾ ಸರ್? ಮನೆಯಲ್ಲಿ ಹತ್ತು ಇವೆ.

ಎಂಜಿನಿಯರ್: ಬೇಡ. ನಾಯ್ಸ್ ಜಾಸ್ತಿ, ಸ್ಲೂ ರೇಟ್ (ಔಟ್‌ಪುಟ್ ಬದಲಾಗುವ ವೇಗ) ಮೈಕ್ರೋಸೆಕೆಂಡಿಗೆ ಬರೀ 0.5 ವೋಲ್ಟ್. ಕಲಿಯಲು ಇಟ್ಟುಕೊಳ್ಳಿ.

ಮೈಸೂರಿನಿಂದ: ನನ್ನದರಲ್ಲಿ ಡಗ್ಗಾ ಸದ್ದು ತೆಳ್ಳಗಾಗಿದೆ. ಇನ್‌ಪುಟ್ ಕೆಪಾಸಿಟರ್ 0.1 ಮೈಕ್ರೋ, ಪಾಟ್ 10ಕೆ, ಮಿಕ್ಸ್ ರೆಸಿಸ್ಟರ್ 10ಕೆ.

ಎಂಜಿನಿಯರ್: ಪಾಟ್ ಪೂರ್ತಿ ತಿರುಗಿಸಿದಾಗ ಎರಡು 10ಕೆ ಸೇರಿ 5ಕೆ. 0.1 ಮೈಕ್ರೋ ಇದ್ದರೆ 318 ಹರ್ಟ್ಜ್‌ನಿಂದಲೇ ಕೆಳಗಿಳಿಯುತ್ತದೆ. 10 ಮೈಕ್ರೋ ಹಾಕಿದರೆ 3 ಹರ್ಟ್ಜ್. ಪಾಟ್ ಮೇಲೆ ಎ10ಕೆ ಎಂದಿರಲಿ; ಎ ಅಂದರೆ ವಾಲ್ಯೂಮ್‌ಗೆ ಹೊಂದುವ ಲಾಗ್, ಬಿ ಲೀನಿಯರ್.

ಹುಬ್ಬಳ್ಳಿಯಿಂದ: 5532 ಬಿಟ್ಟು ಟಿಎಲ್072 ಹಾಕ್ರಿ, ಬಯಾಸ್ ಕರೆಂಟ್ ಇಲ್ಲದಷ್ಟ ಕಡಿಮಿ.

ಹಾಸನದಿಂದ: ಟಿಎಲ್072ರ ನಾಯ್ಸ್ 18 ನ್ಯಾನೋವೋಲ್ಟ್ ಕಣ್ರೀ, ಮಿಕ್ಸ್ ಮಾಡುವ ಕಡೆ ಅದೇ 9 ಪಟ್ಟು ಆಗೋದು. ಮೇಲಿನ ಉತ್ತರ ಓದಿದ್ರಾ?

ಹುಬ್ಬಳ್ಳಿಯಿಂದ: ಓದೇನ್ರಿ. ಬೆಂಗಳೂರಿನ ಎಸ್.ಪಿ. ರೋಡ್‌ನಾಗ ತಂದ 5532 ಎಷ್ಟು ಅಸಲಿ ಅಂತ ಮೊದಲ ಹೇಳ್ರಿ. 4558 ಅನ್ನೋ ಬ್ಯಾರೆ ಐಸಿ ಮ್ಯಾಲಿನ ಹೆಸರು ತಿಕ್ಕಿ 5532 ಅಂತ ಬರೀತಾರ.

ಹಾಸನದಿಂದ: ಎಲ್ಲ ಅಂಗಡಿಯವರನ್ನೂ ಕಳ್ಳರು ಅನ್ನಬೇಡಿ.

ಎಂಜಿನಿಯರ್: ಇಬ್ಬರೂ ನಿಲ್ಲಿಸಿ, ಪರೀಕ್ಷೆ ಸುಲಭ. ಬೋರ್ಡಿಗೆ ಹಾಕದ ಐಸಿಯ 2 ಮತ್ತು 3ನೇ ಪಿನ್ ನಡುವೆ ಮಲ್ಟಿಮೀಟರ್ ಡಯೋಡ್ ರೇಂಜಿನಲ್ಲಿ ಅಳೆಯಿರಿ, ಪ್ರೋಬ್ ತಿರುಗಿಸಿಯೂ ಅಳೆಯಿರಿ. ಅಸಲಿ 5532ಕ್ಕೆ ಒಳಗೆ ಎದುರುಬದುರು ಡಯೋಡ್‌ಗಳಿವೆ, ಎರಡೂ ಕಡೆ ಸುಮಾರು 0.6 ತೋರಿಸುತ್ತದೆ. 4558ರಲ್ಲಿ, ಟಿಎಲ್072ರಲ್ಲಿ ಅವಿಲ್ಲ.

ಬೀದರ್‌ನಿಂದ: 1 ಕಿಲೋಹರ್ಟ್ಜ್‌ಗೆ 40 ಹರ್ಟ್ಜ್ ಮಿಕ್ಸ್ ಮಾಡಿದೆ. 1040 ಬರಬೇಕಿತ್ತು, ಬರುತ್ತಿಲ್ಲ.

ಎಂಜಿನಿಯರ್: ನೀವು ಕೂಡಿಸಿದ್ದೀರಿ, ನಿಮಗೆ ಬೇಕಾದ್ದು ಗುಣಾಕಾರ. ಕೂಡಿಸಿದರೆ 40 ಮತ್ತು 1000 ಹಾಗೇ ಇರುತ್ತವೆ. ಗುಣಿಸಿದರೆ 960, 1040. ಗುಣಿಸುವ ಐಸಿ ಎಡಿ633 ಹಾಕಿ. ಅದು ಗುಣಲಬ್ಧವನ್ನು 10 ವೋಲ್ಟ್‌ನಿಂದ ಭಾಗಿಸುತ್ತದೆ: 5 ಮತ್ತು 5 ಕೊಟ್ಟರೆ 2.5. ಚಿಕ್ಕ ಸಿಗ್ನಲ್ ಕೊಟ್ಟರೆ ಏನೂ ಕಾಣುವುದಿಲ್ಲ.

ಬೀದರ್‌ನಿಂದ: ಎಡಿ633 ಎಲ್ಲಿ ಸಿಗುತ್ತದೆ ಸರ್?

ಕೋಲಾರದಿಂದ: ಮಿಕ್ಸರ್‌ಗೆ 741 ಆಗಲ್ವಾ? ಇಲ್ಲ ಅಂದ್ರೆ 358 ಐಸಿ?

ಎಂಜಿನಿಯರ್: 741 ಬೇಡ ಎಂದು ಮೇಲೆ ಬರೆದಿದ್ದೇನೆ. 358ರಲ್ಲಿ ಸಿಗ್ನಲ್ ಸೊನ್ನೆ ದಾಟುವಾಗ ಆಗುವ ಕ್ರಾಸ್‌ಓವರ್ ಒಡಕು ಕೇಳಿಸುತ್ತದೆ.

ತುಮಕೂರಿನಿಂದ: ಫಾರ್ವರ್ಡ್ ಬಂದಿದ್ದು, ಹಮ್‌ಗೆ (ಕರೆಂಟಿನ ಗುಂಯ್ ಸದ್ದಿಗೆ) ರಾಮಬಾಣ: ಪ್ಲಗ್ಗಿನ ದೊಡ್ಡ ಪಿನ್ ಕತ್ತರಿಸಿ, ಇನ್‌ಪುಟ್‌ಗೆ 1000 ಮೈಕ್ರೋ ಹಾಕಿ.

ಎಂಜಿನಿಯರ್: ಇದನ್ನು ದಯವಿಟ್ಟು ಅಳಿಸಿ. ಆ ದೊಡ್ಡ ಪಿನ್ ಅರ್ಥಿಂಗ್‌ನದು; ಅದನ್ನು ಕತ್ತರಿಸಿದ ಮೇಲೆ ಟ್ರಾನ್ಸ್‌ಫಾರ್ಮರ್ ಇನ್ಸುಲೇಷನ್ ಹೋದರೆ 230 ವೋಲ್ಟ್ ಬರುವುದು ಪೆಟ್ಟಿಗೆಗೆ, ಅಲ್ಲಿಂದ ಶೀಲ್ಡ್ ಮೂಲಕ ಹಾಡುವವರ ಕೈಯಲ್ಲಿರುವ ಮೈಕಿಗೆ. ಹಮ್ ಇದ್ದರೆ ಮೊದಲು ಅದರ ಸ್ವರ ಗುರುತಿಸಿ. 100 ಹರ್ಟ್ಜ್ ಆದರೆ ರೆಕ್ಟಿಫೈಯರ್ ಫಿಲ್ಟರ್ ಸಾಲದು. 50 ಆದರೆ ಗ್ರೌಂಡ್ ಲೂಪ್ (ಎರಡು ಯಂತ್ರಗಳ ಗ್ರೌಂಡ್ ಎರಡು ದಾರಿಯಲ್ಲಿ ಸೇರಿ ಆದ ಸುತ್ತು) ಅಥವಾ ಟ್ರಾನ್ಸ್‌ಫಾರ್ಮರ್ ತೀರ ಹತ್ತಿರ. ಲೂಪ್ ಬಿಡಿಸಲು ಎರಡು ಯಂತ್ರಗಳ ನಡುವೆ 600:600 ಆಡಿಯೋ ಟ್ರಾನ್ಸ್‌ಫಾರ್ಮರ್ ಹಾಕಿ.

ತುಮಕೂರಿನಿಂದ: ಎಲ್ಲರೂ ಮಾಡ್ತಾರೆ, ಏನೂ ಆಗಿಲ್ಲ.

ಹಾಸನದಿಂದ: ಆಗೋವರೆಗೂ ಕಾಯ್ತೀರಾ?

ಶಿವಮೊಗ್ಗದಿಂದ: ಪಿಸಿಬಿ ಫೈಲ್ ಇದ್ದರೆ ಹಾಕಿ ಸರ್.

ಸಾಗರದಿಂದ: ಸರ್, ನಮ್ಮ ಪ್ಲಗ್ಗಿನಲ್ಲೂ ಆ ಪಿನ್ ತೆಗೆದಿದ್ದೇವೆ. ನಾಳೆ ಸಂಜೆ ಭಜನೆ ಇದೆ.

ಎಂಜಿನಿಯರ್: ಹಾಗಾದರೆ ರೆಸಿಸ್ಟರ್ ಕೆಲಸ ಬಿಡಿ, ಇದು ಮೊದಲು. ಹೊಸ ಮೂರು ಪಿನ್ ಪ್ಲಗ್ ಹಾಕಿ. ಹಸಿರು ವೈರನ್ನು ಪೆಟ್ಟಿಗೆಯ ಬಣ್ಣ ಕೆರೆದ ಲೋಹಕ್ಕೆ ಬೋಲ್ಟಿನಿಂದ ಬಿಗಿಯಿರಿ. ಗೋಡೆಯಿಂದ ಪ್ಲಗ್ ಕಿತ್ತಿಟ್ಟು, ದೊಡ್ಡ ಪಿನ್‌ನಿಂದ ಪೆಟ್ಟಿಗೆಗೆ ಮೀಟರಿನಲ್ಲಿ ಅಳೆಯಿರಿ, 1 ಓಮ್‌ಗಿಂತ ಕಡಿಮೆ ಇರಬೇಕು. ಭಜನೆ ನಡೆಯುವ ಜಾಗದ ಸಾಕೆಟ್ಟಿನಲ್ಲಿ ಅರ್ಥಿಂಗ್ ಇದೆಯೋ ಇಲ್ಲವೋ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಇಲ್ಲವಾದರೆ ನಾಳೆ ಮಿಕ್ಸರ್ ಹಚ್ಚಬೇಡಿ. ಅಳತೆ ಎಷ್ಟು ಬಂತು ಅಂತ ಇಲ್ಲೇ ಬರೆಯಿರಿ.