ಸಹಾಯ ಬೇಕು: ಕಾರಿನ ಬಿಸಿಎಂ (ವೈಪರ್, ಲಾಕ್ ಮುಂತಾದವನ್ನು ನಿಯಂತ್ರಿಸುವ ಬಾಡಿ ಕಂಟ್ರೋಲ್ ಮಾಡ್ಯೂಲ್) ಬದಲಿಸುವ ಮುನ್ನ ದೋಷ ಖಚಿತಪಡಿಸಿಕೊಳ್ಳುವುದು ಹೇಗೆ?

ಮಾನ್ಯರೇ, ಮಳೆಗಾಲದಲ್ಲಿ ಮುಂಗಾಜಿನ ಅಂಚಿನಿಂದ ನೀರು ಸೋರಿದ ಮೇಲೆ ನನ್ನ 2014ರ ಕಾರಿನಲ್ಲಿ ವೈಪರ್ ತಾನಾಗಿಯೇ ಓಡುವುದು, ಸೆಂಟ್ರಲ್ ಲಾಕ್ ನಡುರಾತ್ರಿ ತೆರೆದುಕೊಳ್ಳುವುದು (ನೆರೆಮನೆಯವರಿಗೂ ಈಗ ಅಭ್ಯಾಸವಾಗಿದೆ) ಮುಂತಾದ ತೊಂದರೆಗಳು ಆರಂಭವಾಗಿವೆ. ಸ್ಕ್ಯಾನರ್‌ನಲ್ಲಿ ಯು0140, ಅಂದರೆ ಬಾಡಿ ಕಂಟ್ರೋಲ್ ಮಾಡ್ಯೂಲ್‌ನೊಂದಿಗೆ ಸಂಪರ್ಕ ಕಡಿದಿದೆ ಎಂಬ ಕೋಡ್ ಬಂದಿದೆ. ಬ್ಯಾಟರಿ 12.6 ವೋಲ್ಟ್ ಇದೆ, ಫ್ಯೂಸ್‌ಗಳು ಸರಿಯಾಗಿವೆ. ಬ್ಯಾಟರಿ ಸಂಪರ್ಕ ತೆಗೆದು ಅಳೆದಾಗ ಸ್ಕ್ಯಾನರ್ ಜೋಡಿಸುವ ಓಬಿಡಿ ಸಾಕೆಟ್‌ನ 6 ಮತ್ತು 14ನೇ ಪಿನ್‌ಗಳ ನಡುವೆ 60 ಓಮ್ ಬರುತ್ತಿದೆ, ಅಂದರೆ ಮಾಡ್ಯೂಲುಗಳ ನಡುವಿನ ಸಂಪರ್ಕ ಜಾಲದ ರೋಧ ಸಹಜವಾಗಿದೆ.

ಮೆಕ್ಯಾನಿಕ್ ಕೂಡಲೇ ಹೊಸ ಮಾಡ್ಯೂಲ್ ಹಾಕಿಸಲು ಹೇಳುತ್ತಿದ್ದಾರಾದರೂ, ಕನೆಕ್ಟರ್ ಪಿನ್‌ಗಳಲ್ಲಿ ಹಸಿರು ಕಿಲುಬು ಕಂಡಿರುವುದರಿಂದ ಅದನ್ನು ಸ್ವಚ್ಛಗೊಳಿಸದೆ ಹಣ ಸುರಿಯಲು ನನಗೆ ಮನಸ್ಸಾಗುತ್ತಿಲ್ಲ. ಮಾಡ್ಯೂಲಿಗೆ ವಿದ್ಯುತ್ತು ಮತ್ತು ಅರ್ಥ್ ಸರಿಯಾಗಿ ತಲುಪುತ್ತಿವೆಯೇ ಎಂದು ಲೋಡ್ ಹಾಕಿ ಪರೀಕ್ಷಿಸುವ ಕ್ರಮವನ್ನು ಬಲ್ಲವರು ದಯವಿಟ್ಟು ತಿಳಿಸಬೇಕು. ಗುಜರಿಯಿಂದ ತಂದ ಮಾಡ್ಯೂಲಿಗೆ ಇಮೊಬಿಲೈಸರ್ (ಕಳ್ಳತನ ತಡೆಯುವ ವ್ಯವಸ್ಥೆ) ಮತ್ತು ಕೀಗಳನ್ನು ಮರುಹೊಂದಿಸಿದ ಅನುಭವ ಇರುವವರೂ ಬರೆಯಬೇಕೆಂದು ವಿನಂತಿ.