ಪದಚರ್ಚೆ: ಫೀಡಿಂಗ್ ಟ್ಯೂಬಿಗೆ ‘ಆಹಾರ ನಾಳ’ ಎನ್ನಬಹುದೆ?

ಬಲ್ಲವರಲ್ಲಿ ಒಂದು ಪ್ರಶ್ನೆ. ಬಾಯಿ, ಗಂಟಲಿನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆದು ಸಾಕಷ್ಟು ನುಂಗಲಾಗದವರಿಗೆ, ಆಹಾರವನ್ನು ನೇರ ಹೊಟ್ಟೆಗೆ ಇಳಿಸಲು ಹಾಕುವ ಫೀಡಿಂಗ್ ಟ್ಯೂಬಿಗೆ ಕನ್ನಡದಲ್ಲಿ ಏನೆನ್ನಬೇಕು? ತೀರ್ಥಹಳ್ಳಿಯ ನಮ್ಮ ಭಾವನವರಿಗೆ ಆಸ್ಪತ್ರೆಯಲ್ಲಿ ಕೊಟ್ಟ ಕರಪತ್ರದಲ್ಲಿ ಅದು ‘ಆಹಾರ ನಾಳ’ ಆಗಿದೆ. ‘ಆಹಾರದ ಮೊದಲು ಮತ್ತು ನಂತರ ಆಹಾರ ನಾಳವನ್ನು ನೀರಿನಿಂದ ಸ್ವಚ್ಛಗೊಳಿಸಿ’ ಎಂಬುದನ್ನು ಓದಿ ಅಕ್ಕ ಗಾಬರಿಯಿಂದ ಫೋನು ಮಾಡಿದಳು: ಗಂಟಲೆಲ್ಲ ಹುಣ್ಣಾಗಿರುವಾಗ ನೀರು ಕುಡಿಸುವುದು ಹೇಗೆ? ಅವಳು ಕೇಳಿದ್ದು ಸರಿಯಾಗಿಯೇ ಇದೆ. ಅನ್ನನಾಳ, ಶ್ವಾಸನಾಳ, ರಕ್ತನಾಳ ಎಂದು ಶಾಲೆಯಲ್ಲಿ ಕಲಿತವರಿಗೆ ನಾಳವೆಂದರೆ ಮೈಯೊಳಗೆ ಹುಟ್ಟಿನಿಂದಲೇ ಇರುವಂಥದ್ದು.

ಆಸ್ಪತ್ರೆಯ ಹೆಸರುಗಳೂ ಸಾಲವು. ಕೆಲವು ವಾರಗಳ ಮಟ್ಟಿಗೆ ಮೂಗಿನಿಂದ ಇಳಿಸುವುದು ‘ರೈಲ್ಸ್ ಟ್ಯೂಬ್’. ರೈಲಿಗೂ ಅದಕ್ಕೂ ನಂಟಿಲ್ಲ, ಜಾನ್ ರೈಲ್ ಎಂಬ ಇಂಗ್ಲೆಂಡಿನ ವೈದ್ಯರ ಹೆಸರು ಅದು. ಹೆಚ್ಚು ಕಾಲ ಬೇಕೆಂದಾಗ ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ನೇರ ಜಠರಕ್ಕೆ ಕೂರಿಸುವುದು ‘ಪೆಗ್’. ‘ಭಾವನವರಿಗೆ ಪೆಗ್ ಹಾಕಿದ್ದಾರೆ’ ಎಂದು ನಮ್ಮೂರಿನಲ್ಲಿ ಹೇಳಿ ನೋಡಿ!

ಅಕ್ಕನ ಮಾತು ಸುಲಭ: ‘ಪೈಪಿಗೆ ಗಂಜಿ ಬಿಟ್ಟೆ.’ ಈ ‘ಬಿಡು’ ನನಗೆ ಬಹಳ ಹಿಡಿಸಿತು. ರಾಗಿ ಗಂಜಿಯನ್ನು ತೆಳು ಬಟ್ಟೆಯಲ್ಲಿ ಸೋಸುತ್ತಾಳೆ. ಒಂದು ಗಂಟು ಉಳಿದರೂ ಪೈಪು ಕಟ್ಟಿಕೊಳ್ಳುತ್ತದೆ. ಭಾವನವರನ್ನು ದಿಂಬಿಗೆ ಒರಗಿಸಿ ಕೂರಿಸುತ್ತಾಳೆ, ಆಮೇಲೂ ಅರ್ಧ ಗಂಟೆಯಾದರೂ ಮಲಗಗೊಡುವುದಿಲ್ಲ. ದೊಡ್ಡ ಸಿರಿಂಜಿನ ಒಳದಂಡ ತೆಗೆದು, ಬರಿಯ ಕೊಳವೆಯನ್ನು ಎತ್ತಿ ಹಿಡಿದು ಹೊಯ್ಯುತ್ತಾಳೆ. ಗಂಜಿ ತನ್ನ ಭಾರಕ್ಕೆ ತಾನೇ ಇಳಿಯಬೇಕು. ತೋಟಕ್ಕೆ ನೀರು ಬಿಟ್ಟ ಹಾಗೆ. ಕರಪತ್ರದ ‘ಆಹಾರ ನೀಡಿಕೆ’ಯಲ್ಲಿ ಇದಾವುದೂ ಕಾಣುವುದಿಲ್ಲ. ಎರಡು ಮೂರು ಗಂಟೆಗೊಮ್ಮೆ ಬಿಡುವುದನ್ನೆಲ್ಲ ‘ಊಟ’ ಎನ್ನಲೂ ಆಗದೆ, ನಡುವಿನವಕ್ಕೆ ಮನೆಯಲ್ಲಿ ‘ಆಸರಿಗೆ’ ಎಂದೇ ಹೆಸರಾಗಿದೆ. ಹವ್ಯಕರ ಮನೆಗಳಲ್ಲಿ ಬಂದವರಿಗೆ ಕುಡಿಯಲು ಕೊಡುವುದಕ್ಕೆ ಇರುವ ಮಾತು ಅದು.

ಇನ್ನೊಂದು ವಾಕ್ಯ ಮಾತ್ರ ಅಪಾಯದ್ದು: ‘ಬಾಯಿಯ ಮೂಲಕ ಆಹಾರ ಸೇವನೆ ನಿಲ್ಲಿಸಿ.’ ನುಂಗಿದ್ದು ಶ್ವಾಸನಾಳಕ್ಕೆ ಇಳಿಯುವ ಭಯವಿದ್ದವರಿಗೆ ಅದು ಸರಿ. ಉಳಿದವರು ಟ್ಯೂಬ್ ಇದ್ದರೂ ಚಿಕಿತ್ಸಕರು ಹೇಳಿದಷ್ಟನ್ನು ನುಂಗುತ್ತಲೇ ಇರಬೇಕು. ಬಳಸದೆ ಬಿಟ್ಟರೆ ಗಂಟಲಿನ ಸ್ನಾಯುಗಳು ಸೋಲುತ್ತವೆ, ವಿಕಿರಣದಿಂದ ಬಿಗಿತ ಬೇರೆ. ಮುಂದೆ ಟ್ಯೂಬ್ ತೆಗೆದರೂ ನುಂಗುವುದು ಕಷ್ಟವಾಗುತ್ತದೆ. ಭಾವನವರಿಗೆ ದಿನವೂ ಗಂಜಿತಿಳಿಯನ್ನು ಚಮಚದಲ್ಲಿ ನುಂಗಲು ಹೇಳಿದ್ದಾರೆ. ಅದಕ್ಕೆ ಕರಪತ್ರದ ಮಾತು ‘ನಿಗರಣ ವ್ಯಾಯಾಮ’! ‘ನುಂಗುವ ಅಭ್ಯಾಸ’ ಎಂದರೆ ಏನು ಕಳೆದುಹೋಗುತ್ತಿತ್ತೋ ತಿಳಿಯದು.

ನನ್ನ ಸಲಹೆ: ‘ಊಟದ ಕೊಳವೆ’, ಬೇರ್ಪಡಿಸಬೇಕಾದಲ್ಲಿ ‘ಮೂಗಿನ ಕೊಳವೆ’, ‘ಹೊಟ್ಟೆಯ ಕೊಳವೆ’. ಕ್ರಿಯಾಪದ ‘ಬಿಡು’. ‘ಉಣಿಸು’ ಎನ್ನಬಹುದು ಎಂದು ಗೆಳೆಯರೊಬ್ಬರ ವಾದ, ಆದರೆ ಉಣಿಸುವುದಕ್ಕೆ ಬಾಯಿ ಬೇಕಲ್ಲವೆ? ಕರಾವಳಿ, ಉತ್ತರ ಕರ್ನಾಟಕದ ಆಸ್ಪತ್ರೆಗಳಲ್ಲಿ ದಾದಿಯರು ಮನೆಯವರಿಗೆ ಇದನ್ನು ಯಾವ ಮಾತಿನಲ್ಲಿ ವಿವರಿಸುತ್ತಾರೆ? ಕೇಳಿದವರು ಆ ವಾಕ್ಯವನ್ನು ಇದ್ದ ಹಾಗೆಯೇ ಬರೆದು ತಿಳಿಸಿ.