ಹೆಡರ್ ಪೈಪಿನ ವೆಲ್ಡ್ ಅಂಚಿನಲ್ಲೇ ಬಿರುಕು, ಯಾಕೆ?

ಪ್ರಶ್ನೆ: ಸಿಂಗಲ್ ಸಿಲಿಂಡರ್ ಬೈಕಿಗೆ 1.2 ಮಿ.ಮೀ. ದಪ್ಪದ 304 ಸ್ಟೇನ್‌ಲೆಸ್ ಪೈಪಿನಲ್ಲಿ ಎಕ್ಸಾಸ್ಟ್ ಮಾಡಿದ್ದೇನೆ, ಹೆಡರ್ (ಎಂಜಿನ್‌ನಿಂದ ಹೊಗೆ ಹೊರತರುವ ಮೊದಲ ಪೈಪ್) ಸೇರಿ; ಟಿಗ್ ವೆಲ್ಡ್ (ಆರ್ಗಾನ್ ಅನಿಲದ ರಕ್ಷಣೆಯಲ್ಲಿ ಮಾಡುವ ವೆಲ್ಡ್). ಫ್ಲೇಂಜ್ (ಪೈಪನ್ನು ಎಂಜಿನ್‌ಗೆ ಬಿಗಿಯುವ ಚಪ್ಪಟೆ ತಟ್ಟೆ) ಹತ್ತಿರ ಬಿರುಕು ಬಿಡ್ತಿದೆ. ಇನ್ನೂ ದಪ್ಪ ಪೈಪ್ ಹಾಕಬೇಕಾ?

ಉತ್ತರ 1: ದಪ್ಪ ಬೇಡ. ವೆಲ್ಡ್ ಮಾಡುವಾಗ ಪೈಪಿನ ಒಳಗೂ ಗಾಳಿ ತಾಗದಂತೆ ಆರ್ಗಾನ್ ಬಿಟ್ಟಿದ್ರಾ? ಇಲ್ಲದಿದ್ದರೆ ಒಳಬದಿ ಸುಟ್ಟ ಸಕ್ಕರೆಯಂತೆ ಕಪ್ಪಗೆ ಉಕ್ಕಿರುತ್ತೆ, ಬಿರುಕು ಅಲ್ಲಿಂದಲೇ ಶುರು. ಎರಡೂ ಬಾಯಿ ಮುಚ್ಚಿ, ಗಾಳಿ ಹೋಗಲು ಸಣ್ಣ ತೂತು ಬಿಟ್ಟು, ಆರ್ಗಾನ್ ತುಂಬಿದ ಮೇಲೆ ವೆಲ್ಡ್ ಮಾಡಿ. ಫಿಲ್ಲರ್ (ಕರಗಿಸಿ ತುಂಬುವ ಕಡ್ಡಿ) 308ಎಲ್, ಫ್ಲೇಂಜ್ ಮೈಲ್ಡ್ ಸ್ಟೀಲ್ ಆದರೆ 309ಎಲ್.

ಉತ್ತರ 2: ಸೈಲೆನ್ಸರ್ ಬೋಲ್ಟ್ ಬಿಚ್ಚಿ ನೋಡಿ. ಪೈಪ್ ಪಕ್ಕಕ್ಕೆ ಸರಿದರೆ ಎಳೆದು ಕೂರಿಸಿದ್ದೀರಿ ಎಂದೇ ಲೆಕ್ಕ, ಆ ಎಳೆತ ವೆಲ್ಡ್ ಮೇಲೆ ಬೀಳುತ್ತೆ. ಅರ್ಧ ಮೀಟರ್ ಪೈಪ್ 500 ಡಿಗ್ರಿ ಬಿಸಿಯೇರಿದರೆ ಸುಮಾರು 4.5 ಮಿ.ಮೀ. ಹಿಗ್ಗುತ್ತೆ. ಅದಕ್ಕೆ ಜಾಗ ಸಿಗಲು ಸ್ಲಿಪ್ ಜಾಯಿಂಟ್ (ಒಂದು ಪೈಪ್ ಇನ್ನೊಂದರೊಳಗೆ ಜಾರುವ ಜೋಡಣೆ), ಅದನ್ನು ಹಿಡಿದಿಡಲು ಸ್ಪ್ರಿಂಗ್, ಬ್ರ್ಯಾಕೆಟ್‌ಗೆ ರಬ್ಬರ್ ಬುಷ್ ಹಾಕಿ.

ಪ್ರಶ್ನೆ ಕೇಳಿದವರು: ಒಳಗೆ ಕಪ್ಪಗೇ ಇದೆ. ಕತ್ತರಿಸಿ ಮತ್ತೆ ಮಾಡ್ತೀನಿ.